ಒಂಟಿ ಕಣ್ಣಿನ ಕಸುಬು

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಬಜಾರಿನಲ್ಲಿ ಒಂದು ಕಾಲಕ್ಕೆ ತಪ್ಪದೆ ಕಣ್ಣಿಗೆ ಬೀಳುತ್ತಿದ್ದ ದೃಶ್ಯವೊಂದುಂಟು. ಬಟ್ಟೆ ಅಂಗಡಿಯದೋ ಕಿರಾಣಿ ಅಂಗಡಿಯದೋ ಕಟ್ಟೆಯ ಒಂದು ಮೂಲೆ. ಅಲ್ಲಿ ಎರಡು-ಮೂರು ಅಡಿಯ ಗಾಜಿನ ಪೆಟ್ಟಿಗೆ. ಅದರ ಹಿಂದೆ ಬಲಗಣ್ಣಿಗೆ ಕಪ್ಪು ದುರ್ಬೀನು ಸಿಕ್ಕಿಸಿಕೊಂಡು, ತಲೆ ಬಗ್ಗಿಸಿ ಕುಳಿತ ಒಬ್ಬ ಮನುಷ್ಯ. ಮುಂದೆ ಬಿಳಿ ಕಾಗದದ ಮೇಲೆ ಅಂಗಾತ ಬಿದ್ದ ಕೈಗಡಿಯಾರ. ಅದರ ಹಲ್ಲುಚಕ್ರಗಳ ಮೇಲೆ ಮುಚ್ಚಿದ ಸಣ್ಣ ಗಾಜಿನ ಬಟ್ಟಲು. ಗಿರಾಕಿ ಬಂದು ನಿಂತರೂ ಆತ ತಕ್ಷಣ ತಲೆ ಎತ್ತುವುದಿಲ್ಲ. ಚಿಮುಟದ ತುದಿಯಲ್ಲಿರುವ ಸ್ಕ್ರೂ ಸಾಸಿವೆ ಕಾಳಿಗಿಂತ ಸಣ್ಣದು, ಹಾರಿದರೆ ಸಿಗುವುದಿಲ್ಲ ಎಂಬುದು ಗಿರಾಕಿಗೂ ಗೊತ್ತು. ಹಾಗಾಗಿ ಆತನೂ ಉಸಿರು ಬಿಗಿಹಿಡಿದು ಕಾಯುತ್ತಾನೆ.

ಪೆಟ್ಟಿಗೆ ಎಷ್ಟೇ ಸಣ್ಣದಿರಲಿ, ಮೇಲಿನ ಬೋರ್ಡು ಮಾತ್ರ 'ವಾಚ್ ಕಂಪನಿ' ಎಂದೇ ಇರುತ್ತಿತ್ತು. ಕಂಪನಿಯ ಮಾಲೀಕ, ಕಾರ್ಮಿಕ, ಗುಮಾಸ್ತ ಎಲ್ಲ ಆತನೇ. ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಕೂಡುವ ಮಗನೊಬ್ಬನೇ ಆತನಿಗೆ ಸಹಾಯಕ.

ಈ ಕಸುಬಿಗೆ ನಮ್ಮ ನಾಡಿನ ಸಣ್ಣ ಊರುಗಳಲ್ಲಿ ಹೆಚ್ಚೆಂದರೆ ನೂರು ವರ್ಷದ ಇತಿಹಾಸ. ಕಮ್ಮಾರ, ಬಡಿಗ, ಅಕ್ಕಸಾಲಿಗರಂತೆ ಅದಕ್ಕೆ ಆಯವಿಲ್ಲ, ಕುಲವಿಲ್ಲ, ಕುಲದೈವವಿಲ್ಲ. ಆದರೂ ಊರಿನ ಬದುಕನ್ನು ಅದು ಬಿಗಿದ ಪರಿ ಗಮನಾರ್ಹವಾದುದು. ಅದನ್ನು ತಿಳಿಯಬೇಕಾದರೆ ಈ ಊರುಗಳಿಗೆ ಗಡಿಯಾರದ ಹೊತ್ತು ಬಂದುದು ಹೇಗೆ ಎಂಬಲ್ಲಿಂದ ಆರಂಭಿಸಬೇಕು.

ಬಟ್ಟಲಿನಿಂದ ಬಂದ ಮಾತು

ಬೆಂಗಳೂರು-ಮೈಸೂರಿನವರು 'ಎರಡು ಗಂಟೆ ಹಿಡಿಯಿತು' ಎಂದರೆ ರೋಣದವರು 'ಎರಡು ತಾಸು ಹಿಡೀತು' ಎನ್ನುತ್ತಾರೆ. ಗಂಟೆ ಎಂಬುದು ಬಾರಿಸುವ ಗಂಟೆ. ತಾಸು ಎಂಬುದು ಪಾರಸಿಯ 'ತಾಸ್' ಎಂಬ ಮಾತಿನಿಂದ ಮರಾಠಿಯ ಹಾದಿಯಲ್ಲಿ ಬಂದುದು. ಅದರ ಮೂಲ ಅರ್ಥ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಅಳೆಯುವುದು ನಮ್ಮ ಹಳೆಯ ಪದ್ಧತಿ. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಎಂದರೆ ಇಂದಿನ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ಗಳಿಗೆ ಎಂಬ ಮಾತೂ ಗಡಿಯಾರ ಎಂಬ ಮಾತೂ ಸಂಸ್ಕೃತದ 'ಘಟಿಕಾ'ದ ಸಂತಾನವೇ. ಹೀಗೆ ಕೈಗೆ ಕಟ್ಟುವ ಸ್ವಿಸ್ ಯಂತ್ರವನ್ನು ಕರೆಯಲು ನಾವು ಬಳಸುವ ಹೆಸರು ನೀರಿನ ಬಟ್ಟಲಿನದು.

ಆ ಬಟ್ಟಲು ಎಲ್ಲರ ಮನೆಯ ವಸ್ತುವೇನೂ ಆಗಿರಲಿಲ್ಲ. ಮದುವೆ-ಮುಂಜಿಯ ಮುಹೂರ್ತಕ್ಕೆ ಜೋಯಿಸರು ಇಡುತ್ತಿದ್ದರು, ಅರಮನೆ-ಕೋಟೆಗಳಲ್ಲಿ ಗಳಿಗೆ ಬಾರಿಸುವವರಿದ್ದರು. ರೈತನಿಗೆ ಕೋಳಿ ಕೂಗು, ಬೆಳ್ಳಿ ಚುಕ್ಕೆ, ನೆತ್ತಿಯ ಹೊತ್ತು, ದನ ಮನೆಗೆ ಬರುವ ಹೊತ್ತು ಸಾಕಾಗಿದ್ದವು. 'ಹೊತ್ತು ಏರಿತು, ಹೊತ್ತು ಇಳೀತು' ಎಂಬಲ್ಲಿ ಹೊತ್ತು ಎಂದರೆ ಸೂರ್ಯ ಮತ್ತು ಸಮಯ ಎರಡೂ ಹೌದು.

ಈ ಎರಡನ್ನೂ ಬೇರೆ ಮಾಡಿದ್ದು ರೈಲು.

ಸದರ್ನ್ ಮರಾಠಾ ರೈಲ್ವೆಯವರ ಗದಗ-ಹೊಟಗಿ ಮೀಟರ್ ಗೇಜ್ ಮಾರ್ಗ 1884ರ ಹೊತ್ತಿಗೆ ಬಂತು. ಹತ್ತಿ ಸಾಗಣೆ ಅದರ ಮುಖ್ಯ ಉದ್ದೇಶಗಳಲ್ಲೊಂದು. ರೋಣದ ಊರೊಳಗೆ ಹಳಿ ಬರಲಿಲ್ಲ. ಮಲ್ಲಾಪುರವೇ ಅದಕ್ಕೆ ಹತ್ತಿರದ ನಿಲ್ದಾಣವಾಯಿತು, ತಾಲ್ಲೂಕಿನ ಇನ್ನೊಂದು ನಿಲ್ದಾಣ ಹೊಳೆಆಲೂರು. ನರಗುಂದ, ಗಜೇಂದ್ರಗಡಗಳು ಹಳಿಯಿಂದ ದೂರವೇ ಉಳಿದವು. ಚಕ್ಕಡಿ ಹೂಡಿಕೊಂಡು ಗಾಡಿ ಹಿಡಿಯಲು ಹೊರಟವನಿಗೆ ಮೊದಲ ಬಾರಿ ನಿಮಿಷ ಎಂಬುದರ ಬಿಸಿ ತಟ್ಟಿತು. ಸೂರ್ಯ ಅಲ್ಲೇ ಇದ್ದ, ಆದರೆ ಗಾಡಿ ಹೋಗಿಬಿಟ್ಟಿರುತ್ತಿತ್ತು!

ಇದರಲ್ಲಿ ಇನ್ನೊಂದು ತೊಡಕಿತ್ತು. ಅಂದು ರೈಲುಗಳು ಓಡುತ್ತಿದ್ದುದು ಮದರಾಸಿನ ಸಮಯಕ್ಕೆ. ಪ್ರಾಂತ್ಯದ ರಾಜಧಾನಿ ಮುಂಬಯಿಗೆ ತನ್ನದೇ ಸಮಯ. ರೋಣದ ನೆತ್ತಿಯ ಸೂರ್ಯನದು ಇವೆರಡೂ ಅಲ್ಲ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆ ಲೆಕ್ಕ ಹಿಡಿದರೆ ರೋಣದಲ್ಲಿ ಸೂರ್ಯ ನೆತ್ತಿಗೆ ಬಂದಾಗ ಮುಂಬಯಿ ಗಡಿಯಾರದಲ್ಲಿ 12ಕ್ಕೆ ಇನ್ನೂ ಸುಮಾರು 12 ನಿಮಿಷ ಬಾಕಿ. ಮದರಾಸಿನ ಗಡಿಯಾರದಲ್ಲಿ 12 ದಾಟಿ ಆಗಲೇ 18 ನಿಮಿಷ. ಈ ಮೂರು ಊರುಗಳ ನಡುವೆಯೇ ಸೂರ್ಯನ ವ್ಯತ್ಯಾಸ ಉಂಟು. ಮೂಡಣಕ್ಕಿರುವ ಗಜೇಂದ್ರಗಡದ ಗುಡ್ಡವನ್ನು ದಾಟಿ ಪಡುವಣದ ನರಗುಂದದ ಗುಡ್ಡಕ್ಕೆ ಬರಲು ಸೂರ್ಯನಿಗೆ ಎರಡು ನಿಮಿಷಕ್ಕೂ ಮಿಕ್ಕಿ ಬೇಕು.

ಈ ಗೊಂದಲಕ್ಕೆ ಸರ್ಕಾರ ತೆರೆ ಎಳೆದದ್ದು ಭಾರತೀಯ ಪ್ರಮಾಣ ಸಮಯದಿಂದ. ರೈಲ್ವೆಯಲ್ಲಿ 1905ರ ಜುಲೈನಿಂದ, ಉಳಿದೆಡೆ 1906ರ ಜನವರಿ 1ರಿಂದ ಅದು ಜಾರಿಗೆ ಬಂತು. ಮುಂಬಯಿಯಲ್ಲಿ ಇದಕ್ಕೆ ಭಾರಿ ವಿರೋಧ ಎದ್ದಿತು. ಗಡಿಯಾರ ಮುಂದಕ್ಕೆ ಹೋದುದರಿಂದ ಬೇಗ ಕೆಲಸಕ್ಕೆ ಬರಬೇಕಾಯಿತೆಂದು ಗಿರಣಿ ಕಾರ್ಮಿಕರು ಸಿಟ್ಟಿಗೆದ್ದರು. ಮುಂಬಯಿ ನಗರಸಭೆಯಂತೂ ತನ್ನ ಹಳೆಯ ಸಮಯವನ್ನು 1955ರವರೆಗೆ ಬಿಟ್ಟುಕೊಡಲಿಲ್ಲ. ರೋಣ-ಗಜೇಂದ್ರಗಡದಲ್ಲಿ ಅಂಥ ಗದ್ದಲಕ್ಕೆ ಕಾರಣವಿರಲಿಲ್ಲ. ಗಡಿಯಾರ ಇದ್ದವರೇ ಬೆರಳೆಣಿಕೆಯ ಮಂದಿ. ಆದರೆ ಅಂದಿನಿಂದ ಇಂದಿನವರೆಗೂ ರೋಣದ ಗಡಿಯಾರ ಊರಿನ ಸೂರ್ಯನಿಗಿಂತ ಸರಾಸರಿ 27 ನಿಮಿಷ ಮುಂದೆಯೇ ಇದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಸರ್ಕಾರ ಅದನ್ನು ಮತ್ತೂ ಒಂದು ತಾಸು ಮುಂದೆ ತಳ್ಳಿತ್ತು. ಆಗ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆಯಾದಾಗ ಇಲ್ಲಿ ನಿಜವಾದ ನಡುಹಗಲು!

ಹಳಿ ಬಾರದ ಊರಿಗೂ ಹಳಿಯ ತುಂಡು ಮಾತ್ರ ಬಂತು. ಶಾಲೆಯ ಅಂಗಳದ ಬೇವಿನ ಮರಕ್ಕೆ ತಂತಿಯಲ್ಲಿ ತೂಗುಬಿಟ್ಟ ಒಂದೂವರೆ ಅಡಿಯ ರೈಲು ಕಂಬಿ. ಅದಕ್ಕೆ ಕಬ್ಬಿಣದ ಸರಳಿನಿಂದ ಹೊಡೆದರೆ ಶಾಲೆ ಶುರು. ಹೆಡ್‌ಮಾಸ್ತರರ ಕೋಣೆಯಲ್ಲೊಂದು ಗೋಡೆ ಗಡಿಯಾರ, ಮಾಮಲೇದಾರರ ಕಚೇರಿಯಲ್ಲೊಂದು, ಪೋಸ್ಟಿನಲ್ಲೊಂದು, ನಮಾಜಿನ ಹೊತ್ತು ತೋರಿಸಲು ಮಸೀದಿಯಲ್ಲೊಂದು. ಇವು ನಿಂತರೆ ಊರೇ ತಬ್ಬಿಬ್ಬು. ರಿಪೇರಿಯವನ ಅಗತ್ಯ ಹುಟ್ಟಿದ್ದು ಇಲ್ಲಿ.

ಕುಲವಿಲ್ಲದ ಕುಶಲತೆ

ಜೇಬಿನ ಗಡಿಯಾರ ಮೊದಲು ಬಂದುದು ಅಧಿಕಾರಿ, ವಕೀಲ, ಹತ್ತಿ ವ್ಯಾಪಾರಿ, ದೇಸಾಯಿ ಮನೆತನಗಳ ಮೂಲಕ. ಸ್ವಿಸ್ ಕಂಪನಿಯಾದ ಫಾವ್ರ್-ಲೂಬಾ 1865ರಲ್ಲೇ ಮುಂಬಯಿಯಲ್ಲಿ ಕಾಲೂರಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ 1886ರಿಂದ ವ್ಯಾಪಾರ ನಡೆಸಿತು. ಅದರ 'ಸವಾರ್' ಗಡಿಯಾರಗಳು ಸೈನಿಕರ ಮಣಿಕಟ್ಟಿನಲ್ಲಿ ಪ್ರಸಿದ್ಧವಾದವು. ಕೈಗಡಿಯಾರ ಜಗತ್ತಿನಲ್ಲಿ ಸಾಮಾನ್ಯವಾದುದೇ ಮೊದಲ ಮಹಾಯುದ್ಧದ ಕಂದಕಗಳಿಂದ. ಜೇಬಿಗೆ ಕೈಹಾಕಿ ಹೊತ್ತು ನೋಡಲು ಅಲ್ಲಿ ಪುರುಸೊತ್ತಿರಲಿಲ್ಲ.

ಕೆಟ್ಟ ಗಡಿಯಾರವನ್ನು ಹಳ್ಳಿಯವರು ಮೊದಲು ಒಯ್ದುದು ಸಹಜವಾಗಿಯೇ ಅಕ್ಕಸಾಲಿಯ ಬಳಿಗೆ. ಸಣ್ಣ ಚಿಮುಟ, ಸಣ್ಣ ಸುತ್ತಿಗೆ, ನಡುಗದ ಕೈ ಇದ್ದುದು ಆತನಲ್ಲೇ. ಆದರೆ ಚಿನ್ನ ಕರಗಿಸಿ ಮತ್ತೆ ಮಾಡಬಹುದು, ಗಡಿಯಾರ ಹಾಗಲ್ಲ. ಹೀಗಾಗಿ ಕ್ರಮೇಣ ಬೇರೆಯೇ ಒಂದು ಕಸುಬು ರೂಪುಗೊಂಡಿತು. ಗದಗ, ಹುಬ್ಬಳ್ಳಿ, ಇನ್ನೂ ಧೈರ್ಯವಿದ್ದವರು ಮುಂಬಯಿ, ಹೀಗೆ ದೊಡ್ಡ ಊರಿನ ಅಂಗಡಿಯಲ್ಲಿ ಹುಡುಗನಾಗಿ ಸೇರಿ, ಕಸ ಗುಡಿಸಿ, ಚಹಾ ತಂದುಕೊಟ್ಟು, ಕದ್ದು ನೋಡಿ ಕಲಿತು ಮರಳಿದವರೇ ಸಣ್ಣ ಊರುಗಳ ಮೊದಲ ತಲೆಮಾರಿನ ವಾಚ್ ರಿಪೇರಿಯವರು. ಮುಸ್ಲಿಮರು, ಪಾಂಚಾಳರು, ಲಿಂಗಾಯತರು, ಮರಾಠರು, ಬ್ರಾಹ್ಮಣರು ಯಾರೂ ಈ ಮೇಜಿಗೆ ಕೂಡಬಹುದಿತ್ತು. ಜಾತಿಗೊಂದು ಕಸುಬು ಹಂಚಿ ಮುಗಿದ ಮೇಲೆ ಬಂದ ಯಂತ್ರ ಇದು. ಯಾರ ಪಾಲಿಗೂ ಬರೆದಿರಲಿಲ್ಲ. ಇದು ಈ ಕಸುಬಿನ ದೊಡ್ಡ ಗುಣ ಎಂದೇ ಹೇಳಬೇಕು.

ಸಣ್ಣ ಊರಿನಲ್ಲಿ ವಾಚೊಂದನ್ನೇ ನಂಬಿ ಹೊಟ್ಟೆ ತುಂಬುತ್ತಿರಲಿಲ್ಲ. ಕನ್ನಡಕದ ಕಾಲು, ಸ್ಟೋವಿನ ಬರ್ನರು, ಪೆಟ್ರೊಮ್ಯಾಕ್ಸ್ ದೀಪ, ಗ್ರಾಮಾಫೋನು ಎಲ್ಲಕ್ಕೂ ಈತನೇ ವೈದ್ಯ. ಗ್ರಾಮಾಫೋನಿನ ಪೆಟ್ಟಿಗೆಯೊಳಗೆ ಇರುವುದೂ ಕೀಲಿ ಕೊಟ್ಟರೆ ಬಿಗಿದು ನಿಧಾನವಾಗಿ ಬಿಚ್ಚಿಕೊಳ್ಳುವ ಸ್ಪ್ರಿಂಗೇ. ಗಡಿಯಾರದ ದೊಡ್ಡಣ್ಣ ಅಷ್ಟೇ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗಾನಮುದ್ರಿಕೆ ಕೇಳಿ ಮರುಳಾಗಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟ ಕಥೆ ಎಲ್ಲರಿಗೂ ಗೊತ್ತಿದೆ. ಅಂಥ ಪೆಟ್ಟಿಗೆಗಳು ಈ ಸೀಮೆಯಲ್ಲಿ ತಿರುಗುತ್ತ ಇರಬೇಕಾದರೆ ಎಲ್ಲೋ ಒಬ್ಬ ಸ್ಪ್ರಿಂಗ್ ಬಲ್ಲವನು ಇರಲೇಬೇಕಾಗಿತ್ತು.

ಮೇಜಿನ ಪಾಠ

ಕಲಿಕೆಗೆ ಒಂದು ಕ್ರಮವಿತ್ತು. ಮಗನಿಗೆ ಮೊದಲು ಕೊಡುವುದು ಟೈಂಪೀಸು. ಅಲಾರಾಂ ಇರುವ, ಚಕ್ರಗಳು ದೊಡ್ಡವಾದ, ಕೆಟ್ಟರೂ ಹೆಚ್ಚು ನಷ್ಟವಿಲ್ಲದ ಯಂತ್ರ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಡಬೇಕು, ಜೋಡಿಸುವಾಗ ಒಂದು ಸ್ಕ್ರೂ ಉಳಿದರೆ ಆ ದಿನ ಬೈಗುಳ ಖಂಡಿತ. ಆಮೇಲೆ ಗೋಡೆ ಗಡಿಯಾರ. ಕೈಗಡಿಯಾರ ಮುಟ್ಟಲು ಎರಡು-ಮೂರು ವರ್ಷ ಕಾಯಬೇಕು. ಹೆಂಗಸರ ವಾಚು ಕಟ್ಟಕಡೆಗೆ. ಅದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹಟಮಾರಿ.

ಯಂತ್ರದ ಒಳಗನ್ನು ತುಸು ವಿವರಿಸುವುದು ಇಲ್ಲಿ ಅಗತ್ಯ. ಕೀಲಿ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿಯೊಂದು ಸುತ್ತಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳುವ ಬಲ ನಾಲ್ಕಾರು ಹಲ್ಲುಚಕ್ರಗಳ ಮೂಲಕ ಕೊನೆಯ ಚಕ್ರಕ್ಕೆ ಬರುತ್ತದೆ. ಅಲ್ಲಿ ತಡೆಯೊಂದಿಲ್ಲದಿದ್ದರೆ ಎಲ್ಲ ಚಕ್ರಗಳೂ ಗರ್ರನೆ ತಿರುಗಿ ಒಂದೇ ಕ್ಷಣದಲ್ಲಿ ಆಟ ಮುಗಿಯುತ್ತಿತ್ತು. ಆ ತಡೆಯೇ ಕವೆಯಾಕಾರದ ಸಣ್ಣ ಲಿವರು; ಒಂದೊಂದು ಸಲಕ್ಕೆ ಒಂದೊಂದೇ ಹಲ್ಲನ್ನು ಬಿಡುತ್ತದೆ. ಅದಕ್ಕೆ ತಾಳ ಹಾಕುವುದು ಬ್ಯಾಲೆನ್ಸ್ ಚಕ್ರ. ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗು ಅದನ್ನು ಅತ್ತಿತ್ತ ಆಡಿಸುತ್ತದೆ. ಮನೆಮನೆಯಲ್ಲಿದ್ದ ಸಾಮಾನ್ಯ ಕೈಗಡಿಯಾರದಲ್ಲಿ ಈ ಆಟ ಸೆಕೆಂಡಿಗೆ ಐದು ಸಲ, ತಾಸಿಗೆ 18,000 ಸಲ. ಕಿವಿಗಿಟ್ಟರೆ ಕೇಳುವ ಟಿಕ್ ಟಿಕ್ ಅದೇ. ನುರಿತವನು ಆ ಸದ್ದಿನಿಂದಲೇ ಎಣ್ಣೆ ಒಣಗಿದೆಯೋ, ಸುರುಳಿಗೆ ಎಣ್ಣೆ ಅಂಟಿ ಎರಡು ಸುತ್ತು ಕೂಡಿಕೊಂಡಿವೆಯೋ ಹೇಳಬಲ್ಲ. ಕೆಟ್ಟ ಹತ್ತು ವಾಚುಗಳಲ್ಲಿ ಬಹುಪಾಲಿಗೆ ಬೇಕಾಗಿದ್ದುದು ತೊಳೆದು, ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸುವುದಷ್ಟೇ. ಹೊಲದ ಧೂಳು, ಬೆವರು, ಹತ್ತಿಯ ನವಿರು, ಇವೇ ಎರೆಸೀಮೆಯ ವಾಚುಗಳ ವೈರಿಗಳು.

ಈ ಕೆಲಸಕ್ಕೆ ತೆತ್ತ ಬೆಲೆಯೂ ಇದೆ. ತೊಳೆಯಲು ಬಳಸುತ್ತಿದ್ದುದು ಪೆಟ್ರೋಲು. ದಿನವಿಡೀ ಅದರ ಆವಿ ಮೂಗಿಗೆ. ಕತ್ತಲಲ್ಲಿ ಹೊಳೆಯುವ ಹಳೆಯ ವಾಚುಗಳ ಮುಳ್ಳು, ಅಂಕಿಗಳಿಗೆ ಬಳಿದಿದ್ದುದು ರೇಡಿಯಂ. ಅಮೆರಿಕದಲ್ಲಿ ಅದನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳು 1920ರ ದಶಕದಲ್ಲೇ ದವಡೆ ಕೊಳೆತು ಸತ್ತರು. 1960ರ ದಶಕದ ನಂತರ ಅದರ ಬಳಕೆ ನಿಂತಿತು. ಆದರೆ ಹಳೆಯ ಡಯಲುಗಳು ರಿಪೇರಿಗೆ ಬರುವುದು ನಿಲ್ಲಲಿಲ್ಲ. ಉದುರಿದ ಹುಡಿಯನ್ನು ಬಾಯಿಂದ ಊದಿ ತೆಗೆಯುವವನಿಗೆ ಈ ಸಂಗತಿ ಯಾರು ಹೇಳಬೇಕು? ಇನ್ನು ಕಣ್ಣು. ದುರ್ಬೀನಿನ ಕಣ್ಣೊಂದು, ಬರಿಗಣ್ಣೊಂದು, ನಲವತ್ತು ವರ್ಷ ದುಡಿದ ಮೇಲೆ ದೃಷ್ಟಿ ಮಬ್ಬಾದರೆ ಕಸುಬೇ ಮುಗಿಯಿತು. ಅಷ್ಟರೊಳಗೆ ಮಗ ಮೇಜಿಗೆ ಬಂದಿರಬೇಕು. ಈ ಕಸುಬು ತಂದೆಯಿಂದ ಮಗನಿಗೆ ಇಳಿದುದರ ಹಿಂದೆ ಇದ್ದುದು ಸಂಪ್ರದಾಯಕ್ಕಿಂತ ಹೆಚ್ಚಾಗಿ ಈ ಅನಿವಾರ್ಯತೆ.

ಹೆಣ್ಣುಮಕ್ಕಳನ್ನು ಮಾತ್ರ ಮೇಜಿಗೆ ಕೂಡಿಸಲಿಲ್ಲ. ವಿಚಿತ್ರವೆಂದರೆ ಇದೇ ರಾಜ್ಯದ ಬೆಂಗಳೂರಿನ ಗಡಿಯಾರ ಕಾರ್ಖಾನೆಯಲ್ಲಿ ಜೋಡಣೆಯ ಸೂಕ್ಷ್ಮ ಕೆಲಸಕ್ಕೆ ಹುಡುಗಿಯರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡರು. ಅಲ್ಲಿ ಹೆಣ್ಣಿನ ಬೆರಳು ಹೆಚ್ಚು ನಯ ಎಂಬ ಮಾತು; ಇಲ್ಲಿ ಬಜಾರಿನಲ್ಲಿ ಕೂಡುವುದು ಸರಿಯಲ್ಲ ಎಂಬ ಮಾತು. ಮನೆಯ ಹೆಂಗಸಿನ ಪಾಲಿಗೆ ಬಂದುದು ಬೇರೆ ಲೆಕ್ಕ. ಸುಗ್ಗಿ ಮತ್ತು ಮದುವೆಯ ದಿನಗಳಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ಗಿರಾಕಿಯೇ ಇಲ್ಲ. ಬೇಸಿಗೆಯ ದುಡ್ಡನ್ನು ಶ್ರಾವಣದವರೆಗೆ ಎಳೆಯುವ ಜಾಣ್ಮೆ ಅವಳದು.

ಗೋವಾದ ಮಾಲು, ಬೆಂಗಳೂರಿನ ಮಾಲು

ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಗಡಿಯಾರಗಳ ಆಮದಿಗೆ ಕಡಿವಾಣ ಹಾಕಿತು. ಬೇಡಿಕೆ ಕಡಿಮೆಯಾಗಲಿಲ್ಲ, ದಾರಿ ಬದಲಾಯಿತು. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದಿಂದ ಚಿನ್ನ ಮತ್ತು ಗಡಿಯಾರ ಗಡಿ ದಾಟುತ್ತಿದ್ದವು. ಮುಂಬಯಿಯ ಕಡಲ ದಾರಿ ಇದ್ದೇ ಇತ್ತು. ಕಳ್ಳಸಾಗಣೆ ಎಷ್ಟಿತ್ತೆಂದರೆ 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮಿನಲ್ಲಿ ಚಿನ್ನದ ಪಕ್ಕದಲ್ಲೇ ಕೈಗಡಿಯಾರದ ಹೆಸರೂ ಬಂತು. ಸಂಶಯದ ಮೇಲೆ ವಶಪಡಿಸಿಕೊಂಡ ಗಡಿಯಾರ ಕಳ್ಳಮಾಲಲ್ಲ ಎಂದು ರುಜುವಾತು ಮಾಡುವ ಹೊಣೆ ಸರ್ಕಾರದ್ದಲ್ಲ, ಹಿಡಿದುಕೊಂಡವನದ್ದು! ಹತ್ತು ಜನರ ಹತ್ತು ವಾಚುಗಳನ್ನು ಸದಾ ಮೇಜಿನ ಮೇಲಿಟ್ಟುಕೊಂಡು ಕೂಡುವವನಿಗೆ ಇದೆಂಥ ಕಲಮು ಎಂದು ಯೋಚಿಸಬಹುದು. ಗಿರಾಕಿಯ ಹೆಸರು, ತಾರೀಖು, ವಾಚಿನ ನಂಬರು ಬರೆದ ಸಣ್ಣ ಚೀಟಿಯನ್ನು ಪ್ರತಿ ವಾಚಿಗೂ ಕಟ್ಟುವ ರೂಢಿಗೆ ಆಗ ಇನ್ನೊಂದು ಉಪಯೋಗ ಒದಗಿತು.

ಅದೇ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಯಂತ್ರ ಮಾಡುವ ಯಂತ್ರಗಳಿಗಾಗಿ 1953ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಅದು. ಮೊದಲ ಗಡಿಯಾರಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಮುಂದೆ ಬಂದ ಕೀಲಿ ಕೊಡುವ 'ಜನತಾ' ಹೆಸರಿಗೆ ತಕ್ಕಂತೆ ಮಾಸ್ತರರ, ತಲಾಠಿಯ, ಕಂಡಕ್ಟರರ ಕೈ ಸೇರಿತು. 'ಪೈಲಟ್', 'ಸೋನಾ', 'ಕೊಹಿನೂರ್', ದಿನ-ವಾರ ತೋರಿಸುವ 'ಕಾಂಚನ್' ಒಂದೊಂದಾಗಿ ಬಂದವು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಆದರೂ ಬೇಡಿಕೆಯ ಮುಂದೆ ಮಾಲು ಸಾಲದೆ ಹೆಸರು ಬರೆಸಿ ಕಾಯಬೇಕಾದ ದಿನಗಳಿದ್ದವು.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ 1961ರಲ್ಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಕಾಯ್ದೆಯ ಪಾಡಿಗೆ ಕಾಯ್ದೆ, ವಾಚಿನ ಪಾಡಿಗೆ ವಾಚು. ಅಳಿಯನಿಗೆ ಸೈಕಲ್ಲು, ರೇಡಿಯೊ, ವಾಚು ಎಂಬ ಮೂರರ ಪಟ್ಟಿ ಹಳ್ಳಿಯ ಮಾತುಕತೆಯಲ್ಲಿ ಕಾಯಂ ಆಯಿತು. 'ಕಾಂಚನ್' ಬರುವವರೆಗೆ ತಾಳಿ ಕಟ್ಟೆನೆಂದು ಹಟ ಹಿಡಿದ ವರಗಳ ಕಥೆಗಳು ಎಲ್ಲ ಊರುಗಳಲ್ಲೂ ಇವೆ. ಹೆಣ್ಣಿನ ತಂದೆ ಸಾಲ ಮಾಡಿ ತಂದ ಆ ವಾಚು ಮುಂದೆ ಮಳೆ ಕೈಕೊಟ್ಟ ವರ್ಷ ಒತ್ತೆಗೆ ಹೋಗಿ, ಬಿಡಿಸಿಕೊಂಡು, ನೀರು ಹೊಕ್ಕು, ಕೊನೆಗೆ ರಿಪೇರಿಯವನ ಮೇಜಿಗೇ ಬರುತ್ತಿತ್ತು. ಒಂದು ಸಂಸಾರದ ಏಳುಬೀಳನ್ನು ಆತ ವಾಚಿನ ಹಿಂಬದಿಯ ಗೀರುಗಳಿಂದಲೇ ಓದಬಲ್ಲವನಾಗಿದ್ದ ಎಂದರೆ ಉತ್ಪ್ರೇಕ್ಷೆಯಲ್ಲ.

ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ ಬಂತು. ಆ ದಶಕದಲ್ಲೇ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನರಗುಂದ-ನವಲಗುಂದದ ಎರೆಹೊಲಗಳಿಗೆ ಹರಿಯತೊಡಗಿತು. ಹತ್ತಿಯ ದುಡ್ಡು ಕಂಡ ಕೆಲವು ವರ್ಷಗಳಲ್ಲಿ ರೈತನ ಮಣಿಕಟ್ಟಿಗೂ ವಾಚು ಏರಿತು. ದಶಕದ ಕೊನೆಗೆ ಹತ್ತಿಯ ಧಾರಣೆ ಕುಸಿಯಿತು, ಸರ್ಕಾರ ಅಭಿವೃದ್ಧಿ ಕರ ಕೇಳಿತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರವೇ ಎಂದು ರೈತರು ಎದ್ದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಜೀವ ಕಳೆದುಕೊಂಡರು. 1858ರಲ್ಲಿ ಬಾಬಾಸಾಹೇಬನ ಬಂಡಾಯ ಕಂಡ ಊರು ಮತ್ತೊಮ್ಮೆ ನಾಡಿನ ಗಮನ ಸೆಳೆಯಿತು. ಬಜಾರು ಮುಚ್ಚಿದರೆ ಮೊದಲು ಉಪವಾಸ ಬೀಳುವವರು ದಿನದ ದುಡಿಮೆಯ ಈ ಸಣ್ಣ ಕಸುಬಿನವರೇ. ರೈತನ ಕೈಯಲ್ಲಿ ದುಡ್ಡು ಆಡದಿದ್ದರೆ ವಾಚು ನಿಂತಿದ್ದು ನಿಂತೇ ಇರುತ್ತದೆ. ಕೆಟ್ಟ ವಾಚನ್ನೂ ಕೈಗೆ ಕಟ್ಟಿಕೊಂಡು ಓಡಾಡುವುದು ಹಳ್ಳಿಗಳಲ್ಲಿ ಅಪರೂಪವೇನಲ್ಲ.

ಸರಿಯಾದ ಸಮಯ ರಿಪೇರಿಯವನಿಗೆ ಸಿಗುತ್ತಿದ್ದುದು ಎಲ್ಲಿಂದ? 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಅದಕ್ಕೆ ಉತ್ತರ ಸುಲಭವಾಯಿತು. ಬೆಳಗಿನ ವಾರ್ತೆಗೆ ಮುಂಚಿನ ಸಮಯ ಸೂಚನೆಗೆ ಅಂಗಡಿಯ ಒಂದು ಗಡಿಯಾರವನ್ನು ಹೊಂದಿಸಿ, ಉಳಿದವನ್ನು ಅದಕ್ಕೆ ಕೂಡಿಸುವುದು ದಿನದ ಮೊದಲ ಕೆಲಸ. ಶಾಲೆಗೆ ಹೊರಟ ಮಾಸ್ತರರು, ಬಸ್ಸಿಗೆ ಹೊರಟವರು ಸೈಕಲ್ಲು ನಿಲ್ಲಿಸಿ, ಇಣುಕಿ, ತಮ್ಮ ವಾಚಿನ ಮುಳ್ಳು ಸರಿಸಿಕೊಂಡು ಹೋಗುತ್ತಿದ್ದರು. ಇದಕ್ಕೆ ಯಾರೂ ಕಾಸು ಕೊಟ್ಟವರಿಲ್ಲ. ಅಂಗಡಿಯಲ್ಲಿ ಹತ್ತು ಗಡಿಯಾರಗಳಿದ್ದರೆ ಒಂಬತ್ತು ಸುಳ್ಳು ಹೇಳುತ್ತವೆ ಎಂಬುದೂ, ನಿಜ ಹೇಳುವುದು ಯಾವುದು ಎಂಬುದೂ ಊರಿಗೆಲ್ಲ ತಿಳಿದಿರುತ್ತಿತ್ತು.

ಕಲ್ಲಿನ ಅಪವಾದ

ಈ ಕಸುಬಿನವರನ್ನು ಬೆನ್ನುಬಿಡದೆ ಕಾಡಿದ ಒಂದು ಅಪವಾದವಿದೆ. 'ವಾಚು ಬಿಚ್ಚಿ ಒಳಗಿನ ಕಲ್ಲು ಕದೀತಾರ' ಎಂಬುದು ಅದು. ಡಯಲಿನ ಮೇಲೆ 17 ಜ್ಯೂವೆಲ್ಸ್ ಎಂದು ಅಚ್ಚಾಗಿರುವುದೇ ಇದಕ್ಕೆ ಮೂಲ. ಹದಿನೇಳು ರತ್ನ ಎಂದರೆ ಯಾರ ಕಿವಿ ನೆಟ್ಟಗಾಗದು? ವಾಸ್ತವದಲ್ಲಿ ಅವು ಕಾರ್ಖಾನೆಯಲ್ಲಿ ತಯಾರಿಸಿದ ಕೃತಕ ಮಾಣಿಕ್ಯದ ಚೂರುಗಳು. ಚಕ್ರದ ಉಕ್ಕಿನ ತುದಿ ಹಿತ್ತಾಳೆಯಲ್ಲಿ ತಿರುಗಿದರೆ ಸವೆಯುತ್ತದೆ, ಗಟ್ಟಿ ಕಲ್ಲಿನಲ್ಲಿ ತಿರುಗಿದರೆ ಸವೆಯುವುದಿಲ್ಲ, ಎಣ್ಣೆಯೂ ನಿಲ್ಲುತ್ತದೆ. ಅಷ್ಟಕ್ಕೇ ಅವುಗಳ ಉಪಯೋಗ. ಕಿತ್ತು ಮಾರಿದರೆ ಒಂದು ಚಹಾದ ದುಡ್ಡೂ ಹುಟ್ಟದು. ಕಿತ್ತರೆ ವಾಚು ನಡೆಯುವುದೂ ಇಲ್ಲ. ಆದರೆ ಸಂಶಯಕ್ಕೆ ಪೂರ್ತಿ ಆಧಾರವಿರಲಿಲ್ಲ ಎನ್ನಲಾಗದು. ಒಳ್ಳೆಯ ಬ್ಯಾಲೆನ್ಸ್ ತೆಗೆದು ಹಳೆಯದನ್ನು ಕೂಡಿಸುವವರು ಈ ಕಸುಬಿನಲ್ಲಿಯೂ ಇದ್ದರು. ಗಿರಾಕಿಗೆ ನೋಡಲು ಬಾರದ ಕಡೆ ಕೆಲಸ ಮಾಡುವವನಿಗೆ ಹೆಸರೇ ಬಂಡವಾಳ. ಒಮ್ಮೆ ಕೆಟ್ಟರೆ ರೋಣದಲ್ಲಿ ಕೆಟ್ಟ ಹೆಸರು ವಾರದ ಸಂತೆಯೊಳಗೆ ಗಜೇಂದ್ರಗಡಕ್ಕೆ ಮುಟ್ಟುತ್ತಿತ್ತು. ಅದಕ್ಕೇ ಬಹಳ ಮಂದಿ ಗಿರಾಕಿಯ ಎದುರೇ ಹಿಂಬದಿ ಬಿಚ್ಚಿ, ದುರ್ಬೀನನ್ನು ಆತನ ಕಣ್ಣಿಗೇ ಕೊಟ್ಟು ತೋರಿಸುತ್ತಿದ್ದರು.

ಇನ್ನೊಂದು ಕಡೆ ಗಿರಾಕಿಯೇ ಬಾರದ ವಾಚುಗಳು. ರಿಪೇರಿಗೆ ಕೊಟ್ಟು ದುಡ್ಡು ಹೊಂದದೆಯೋ, ಊರು ಬಿಟ್ಟೋ, ಸತ್ತೋ ಬಿಡಿಸಿಕೊಳ್ಳದೆ ಹೋದವು. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಚೀಟಿಯ ಸಮೇತ ಅವು ವರ್ಷಗಟ್ಟಲೆ ಇರುತ್ತಿದ್ದವು. ಮಾರುವಂತಿಲ್ಲ, ಎಸೆಯುವಂತಿಲ್ಲ. ಹತ್ತು ವರ್ಷದ ಮೇಲೆ ಮಗನೊಬ್ಬ ಬಂದು ಅಪ್ಪನ ವಾಚು ಎಂದು ಕೇಳಿದರೆ ಏನು ಹೇಳುವುದು? ಅಂಥದಕ್ಕೂ ಆಗಾಗ ಕೀಲಿ ಕೊಟ್ಟು ಎಣ್ಣೆ ಗಟ್ಟಿಯಾಗದಂತೆ ನೋಡಿಕೊಂಡವರುಂಟು.

ಸೆಲ್ ಬಂತು

ಜಪಾನಿನ ಸೈಕೊ ಕಂಪನಿ 1969ರಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಿತು. ಅದರಲ್ಲಿ ಸ್ಪ್ರಿಂಗಿಲ್ಲ, ಬ್ಯಾಲೆನ್ಸ್ ಇಲ್ಲ. ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಸಣ್ಣ ಸೆಲ್ಲಿನ ವಿದ್ಯುತ್ತಿಗೆ ಸ್ಫಟಿಕದ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ; ಆ ಲೆಕ್ಕ ಹಿಡಿದು ಮುಳ್ಳು ಸರಿಯುತ್ತದೆ. ಐದರ ಎದುರು ಮೂವತ್ತೆರಡು ಸಾವಿರ! ನಿಖರತೆಯಲ್ಲಿ ಹಳೆಯ ಯಂತ್ರ ಇದಕ್ಕೆ ಸಾಟಿಯೇ ಅಲ್ಲ. ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳೇ ನೂರಾರು ಸಂಖ್ಯೆಯಲ್ಲಿ ಮುಚ್ಚಿದ ಮೇಲೆ ಗಜೇಂದ್ರಗಡದ ಮೇಜಿನ ಪಾಡೇನು?

ಎಚ್‌ಎಂಟಿಯೂ 1980ರ ದಶಕದ ಆರಂಭದಲ್ಲೇ ಕ್ವಾರ್ಟ್ಜ್ ತಯಾರಿಸಿತು, ಆದರೆ ಅದರ ಒಲವು ಕೀಲಿ ಕೊಡುವ ವಾಚಿನ ಕಡೆಗೇ ಉಳಿಯಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಕಟ್ಟಿದ ಟೈಟಾನ್, ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ವಾಚುಗಳನ್ನೇ ಹೊರತಂದು ಮಾರುಕಟ್ಟೆಯನ್ನು ಗೆದ್ದಿತು. ಜೊತೆಗೆ ಮುಂಬಯಿಯಿಂದ ಬಂದು ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಅಂಕಿ ವಾಚುಗಳು. ಕೆಟ್ಟರೆ ರಿಪೇರಿ ಇಲ್ಲ, ಬಿಸಾಡುವುದೇ. ಬಹುಶಃ ಈ ಕಸುಬಿಗೆ ನಿಜವಾದ ಪೆಟ್ಟು ಕೊಟ್ಟದ್ದು ಒಳ್ಳೆಯ ಕ್ವಾರ್ಟ್ಜ್ ಅಲ್ಲ, ರಿಪೇರಿಯ ಕೂಲಿಗಿಂತ ಹೊಸ ವಾಚು ಅಗ್ಗ ಎಂಬ ಈ ಹೊಸ ಲೆಕ್ಕ. ಅದರ ಹಿಂದೆಯೇ ಮೊಬೈಲ್ ಬಂತು; ವಾಚೇ ಬೇಡವಾಯಿತು.

ವರ್ಷಗಳ ನಷ್ಟದ ನಂತರ ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚುವ ಸುದ್ದಿ ಹಬ್ಬಿದ್ದೇ ತಡ, ನಗರಗಳಲ್ಲಿ ಹಳೆಯ 'ಜನತಾ', 'ಪೈಲಟ್'ಗಳಿಗೆ ಸಂಗ್ರಾಹಕರು ಮುಗಿಬಿದ್ದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿಯ ವಸ್ತು ಸಂಗ್ರಹಾಲಯವೂ ತೆರೆಯಿತು. ಸಣ್ಣ ಊರುಗಳ ಹಳೆಯ ಪೆಟ್ಟಿಗೆಗಳನ್ನು ಹುಡುಕಿಕೊಂಡು ಬರುವವರು ಹುಟ್ಟಿಕೊಂಡರು. ಬಿಡಿಭಾಗ ತಯಾರಾಗುವುದು ನಿಂತ ಮೇಲೆ ಒಂದು ವಾಚು ಬದುಕಬೇಕಾದರೆ ಇನ್ನೊಂದನ್ನು ಬಿಚ್ಚಬೇಕು. ಹಾಗೆ ಬಿಚ್ಚಿ ಕೂಡಿಸುವ ಕೈಗಳಿಗೆ ಮಾತ್ರ ವಯಸ್ಸಾಗಿದೆ.

ಮೂರನೇ ತಲೆಮಾರು ಹೆಚ್ಚಾಗಿ ಮೇಜಿಗೆ ಬಂದಿಲ್ಲ. ಬಂದ ಕಡೆ ಮೇಜಿನ ಮುಖ ಬದಲಾಗಿದೆ: ಮೊಬೈಲ್ ಕವರು, ಚಾರ್ಜರು, ರಿಮೋಟಿನ ಸೆಲ್ಲು, ವಾಚಿನ ಪಟ್ಟಿ. ದುರ್ಬೀನು ಈಗ ಮೊಬೈಲಿನ ಸರ್ಕಿಟ್ ಬೆಸೆಯಲು ಒದಗುತ್ತದೆ. ತಾತನ ಸ್ಕ್ರೂಡ್ರೈವರುಗಳು ಅದಕ್ಕೂ ಸರಿಹೊಂದುತ್ತವೆ. ಸೆಲ್ ಹಾಕಿಸಲು ವಾಚು ಬಂದರೆ ಎರಡು ನಿಮಿಷದ ಕೆಲಸ. ಹಿಂಬದಿ ತೆಗೆದು, ಹಳೆಯ ಸೆಲ್ ಎತ್ತಿ ಹೊಸದನ್ನು ಕೂಡಿಸಿ, ಮುಳ್ಳು ತಿರುಗಿಸಿ ಕೊಟ್ಟರೆ ಮುಗಿಯಿತು. ಆ ಮುಳ್ಳು ತಿರುಗಿಸುವ ಮುಂಚೆ ಆತ ಗೋಡೆಯ ಕಡೆ ನೋಡುವುದಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ನೋಡುತ್ತಾನೆ.